ಐದು ಕಾಲಿನ ಇರುವೆ

ಗುಂಡ್ಲುಪೇಟೆ
೯ ಜನವರಿ ೧೯೫೫

…ಚಿತ್ರ ಕೈಗೆ ಕಲಿಸುತ್ತದೆ, ತಲೆಗಲ್ಲ ಎಂದಿರೋ, ಚಿತ್ರ ಕಂಡವನಿಗೆ ಲೆಕ್ಕ ಕಾಣುವುದಿಲ್ಲ ಎಂದಿರೋ, ಎರಡರಲ್ಲಿ ಯಾವುದು ಎಂದು ಈಗ ಸರಿಯಾಗಿ ನೆನಪಿಲ್ಲ. ಮೈಸೂರಿನ ಟ್ರೈನಿಂಗ್ ಸ್ಕೂಲಿನಲ್ಲಿ ನಾವಿಬ್ಬರೂ ಇದ್ದ ಕೊಠಡಿ. ಮಾದರಿ ಪಾಠಕ್ಕೆಂದು ಬರೆದ ಚಿತ್ರಗಳನ್ನು ನಾನು ನೆಲದ ಮೇಲೆ ಒಣಗಲು ಹರಡಿದ್ದೆ. ನೀವು ಅವನ್ನು ದಾಟಿಕೊಂಡು ಹೋಗಿ ಕಿಟಕಿಯ ಹತ್ತಿರ ನಿಂತು ಆ ಮಾತು ಹೇಳಿದಿರಿ. ಇಷ್ಟು ಮಾತ್ರ ಗೊತ್ತು. ಹದಿನಾಲ್ಕು ವರ್ಷವಾಯಿತು. ಆಗ ನಾವು ಒಬ್ಬರಿಗೊಬ್ಬರು ನೀವು ಅನ್ನುತ್ತಿರಲಿಲ್ಲ. ಈಗ ನೀವು ಚಾಮರಾಜನಗರದಲ್ಲಿ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು, ನಾನು ಇಲ್ಲಿ ಮಿಡ್ಲ್ ಸ್ಕೂಲಿನಲ್ಲೇ ಇದ್ದೇನೆ. ಹೀಗೆ ಬರೆಯುವುದೇ ಸರಿ.

ಆ ಮಾತಿಗೆ ಉತ್ತರ ಕೊಡಲೆಂದು ಬರೆಯುತ್ತಿಲ್ಲ. ಒಂದು ಹಾಳೆ ಕಳಿಸುತ್ತಿದ್ದೇನೆ. ನೋಡಿ.

ಮೂರು ವರ್ಷದಿಂದ ಲೆಕ್ಕದ ಪಾಠಗಳನ್ನು ಹೀಗೆ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಒಂದು ಪಾಠಕ್ಕೆ ಒಂದು ಹಾಳೆ. ಚಿತ್ರ ದೊಡ್ಡದು, ಮಾತು ಎರಡೋ ಮೂರೋ ಸಾಲು. ಅದನ್ನು ಗೋಡೆಗೆ ಹಚ್ಚುತ್ತೇನೆ, ಮಕ್ಕಳು ತಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಒಂದು ಸಲವಲ್ಲ, ಕೈಗೆ ಕೂರುವ ತನಕ. ನಮ್ಮ ಅಪ್ಪ ಜಟಕಾ ಗಾಡಿಗಳಿಗೆ ಬಣ್ಣ ಬರೆಯುತ್ತಿದ್ದದ್ದು ನಿಮಗೆ ಗೊತ್ತು. ಕೆಲಸ ಕಲಿಯಲು ಬಂದವರಿಗೆ ಅಪ್ಪ ಬಾಯಿಬಿಟ್ಟು ಏನೂ ಹೇಳಿಕೊಡುತ್ತಿರಲಿಲ್ಲ. ಒಂದು ಬಳ್ಳಿ ಬರೆದು ತೋರಿಸಿ, ಇದನ್ನೇ ನೂರು ಸಲ ಬರಿ ಅನ್ನುತ್ತಿದ್ದರು. ಒಂದು ಎಲೆ ಆಚೀಚೆ ಆಗಬಾರದು. ಕೈ ಮುಂದೆ ಹೋದರೆ ತಲೆ ತಾನಾಗಿ ಹಿಂದೆ ಬರುತ್ತದೆ ಎಂದು ನಂಬಿದ್ದರು. ನನಗೂ ಬೇರೆ ದಾರಿ ಗೊತ್ತಿಲ್ಲ.

ಈ ಹಾಳೆ ವೃತ್ತದ ವಿಸ್ತೀರ್ಣದ್ದು. ಹಗ್ಗವನ್ನು ಚಕ್ಕುಲಿಯ ಹಾಗೆ ಚಪ್ಪಟೆಯಾಗಿ ಸುತ್ತಿ ಇಟ್ಟಿದೆ. ನಡುವಿನಿಂದ ಅಂಚಿನ ತನಕ ಚಾಕುವಿನಿಂದ ಒಂದೇ ಗೆರೆ ಕೊಯ್ದು ಸುತ್ತುಗಳನ್ನು ಬಿಡಿಸಿ ನೇರ ಮಲಗಿಸಿದರೆ ಹೊರಗಿನ ಸುತ್ತು ಎಲ್ಲಕ್ಕಿಂತ ಉದ್ದ, ಒಳಗಿನದು ಚುಕ್ಕೆ. ಒಂದರ ಮೇಲೊಂದು ಇಟ್ಟರೆ ತ್ರಿಕೋಣ. ಬುಡ ಪರಿಧಿಯಷ್ಟು, ಎತ್ತರ ತ್ರಿಜ್ಯದಷ್ಟು. ಅರ್ಧ ಬುಡ, ಇಡೀ ಎತ್ತರ. ಅಷ್ಟೇ. ನಡುವಿನಿಂದ ಅಂಚಿಗೆ ಒಂದು ಇರುವೆ ನಡೆಯುತ್ತಿದೆ, ಕಂಡಿತೆ? ಅದು ನಡೆದ ದೂರವೇ ಎತ್ತರ.

ಹಗ್ಗ ತಂದವಳು ಪುಟ್ಟಬಸಮ್ಮ, ತರಗತಿಯಲ್ಲಿ ಒಬ್ಬಳೇ ಹುಡುಗಿ. ನಾನು ಚಾಕು ಇಟ್ಟಾಗ ಎದ್ದು ನಿಂತು, ಅಪ್ಪ ಹೊಸೆದ ಹಗ್ಗ, ಕೊಯ್ದರೆ ನನ್ನನ್ನು ಕೊಯ್ಯುತ್ತಾರೆ ಎಂದಳು. ತಂದೆ ಮರಿಮಲ್ಲಪ್ಪ ಊರಾಚೆ ಅರಿಸಿನ ಬೆಳೆಯುವವರು. ಈ ಮಾರ್ಚಿನ ಮಿಡ್ಲ್ ಸ್ಕೂಲು ಪರೀಕ್ಷೆಯಲ್ಲಿ ಪಾಸಾದರೆ ಹೈಸ್ಕೂಲಿಗೆ ಸೇರಿಸುತ್ತೇನೆ, ಇಲ್ಲವಾದರೆ ಹರವೆಯಲ್ಲಿ ಅವಳ ಅಕ್ಕನ ಮನೆಗೆ ರೇಷ್ಮೆ ಹುಳ ನೋಡಿಕೊಳ್ಳಲು ಕಳಿಸುತ್ತೇನೆ ಎಂದಿದ್ದಾರೆ.

ಈ ಹಾಳೆಗಳನ್ನು ಬೇರೆ ಶಾಲೆಗಳಲ್ಲೂ ಬಳಸಬಹುದೋ ಏನೋ. ನಿಮಗೆ ಏನನಿಸುತ್ತದೆ? ಮುಚ್ಚಿಡದೆ ಬರೆಯಿರಿ.

ನಿಮ್ಮ
ನೂರುಲ್ಲಾ

*

ಚಾಮರಾಜನಗರ
೨ ಫೆಬ್ರವರಿ ೧೯೫೫

ಪ್ರಿಯ ನೂರುಲ್ಲಾ ಅವರಿಗೆ,

ಹಾಳೆ ತಲುಪಿತು. ತಡವಾಗಿ ಬರೆಯುತ್ತಿದ್ದೇನೆ. ಇಲ್ಲಿ ಶಾಲೆಯ ತಪಾಸಣೆ ನಡೆದಿತ್ತು.

ನೀವು ಹೇಳಿದ ಮಾತು ನನಗೆ ನೆನಪಿಲ್ಲ. ಅಂದಿರಬಹುದು.

ವಿವರಣೆಯಲ್ಲಿ ತಪ್ಪಿಲ್ಲ. ಆದರೆ ಸುತ್ತುಗಳು ಅತಿ ತೆಳುವಾಗಿದ್ದರೆ ಮಾತ್ರ ಅಂಚು ನೇರ ಗೆರೆಯಾಗುತ್ತದೆ. ಹಗ್ಗಕ್ಕೆ ದಪ್ಪವಿದೆ, ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗುತ್ತದೆ. ಅದನ್ನು ಮಕ್ಕಳಿಗೆ ಹೇಳದಿದ್ದರೆ ಅವರು ಹಗ್ಗವನ್ನು ಕಲಿಯುತ್ತಾರೆ, ವೃತ್ತವನ್ನಲ್ಲ. ಇರುವೆ ಅನವಶ್ಯಕ.

ಬೇರೆ ಶಾಲೆಗಳ ವಿಷಯ ನಾನು ಹೇಳಬಲ್ಲವನಲ್ಲ. ಇಲಾಖೆಯ ಪುಸ್ತಕ ಇದ್ದೇ ಇದೆ.

ಇತಿ,
ಗುರುಪಾದಸ್ವಾಮಿ

*

ಗುಂಡ್ಲುಪೇಟೆ
೨೨ ಮೇ ೧೯೫೫

ಗುರುಪಾದಸ್ವಾಮಿಯವರಿಗೆ,

ಫೆಬ್ರವರಿಯ ನಿಮ್ಮ ಕಾಗದಕ್ಕೆ ಮೂರು ಸಲ ಉತ್ತರ ಬರೆದೆ. ಮೂರನ್ನೂ ಅಂಚೆಗೆ ಹಾಕಲಿಲ್ಲ. ಹಗ್ಗದ ದಪ್ಪದ ವಿಷಯ ನೀವು ಹೇಳಿದ್ದು ಸರಿ. ಮಕ್ಕಳಿಗೆ ಹೇಳಿದೆ. ತೆಳ್ಳಗಿನ ನೂಲು ತಗೊಂಡ್ರೆ ಆಯ್ತಲ್ಲ ಸಾ ಎಂದರು.

ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ.

ಪರೀಕ್ಷೆಯ ಫಲಿತಾಂಶ ಮೊನ್ನೆ ಬಂತು. ನಮ್ಮ ಶಾಲೆಯಿಂದ ಹತ್ತೊಂಬತ್ತು ಮಕ್ಕಳು ಕೂತಿದ್ದರು. ಅದರಲ್ಲಿ ಹನ್ನೊಂದು ಮಕ್ಕಳ ನಂಬರಿನ ಮುಂದೆ ಪಾಸೂ ಇಲ್ಲ, ಫೇಲೂ ಇಲ್ಲ, ತಡೆಹಿಡಿಯಲಾಗಿದೆ ಎಂದಿದೆ. ಲೆಕ್ಕದ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಇತ್ತು: ಏಳು ಗಜ ತ್ರಿಜ್ಯದ ದುಂಡು ಕಣದ ವಿಸ್ತೀರ್ಣ ಎಷ್ಟು, ಕಾರಣ ಕೊಟ್ಟು ಬರೆಯಿರಿ. ಆ ಹನ್ನೊಂದು ಮಕ್ಕಳೂ ಹಗ್ಗದ ಚಿತ್ರ ಬರೆದು ನೂರ ಐವತ್ತನಾಲ್ಕು ಚದರ ಗಜ ಎಂದು ಉತ್ತರ ತೆಗೆದಿದ್ದಾರೆ. ಉತ್ತರ ಸರಿಯಾಗಿದೆ. ಚಿತ್ರಗಳು ಒಂದೇ ಅಚ್ಚಿನಲ್ಲಿ ಒತ್ತಿದಂತಿವೆ, ಅವೇ ಏಳು ಸುತ್ತು, ಅದೇ ಇರುವೆ, ಇರುವೆಗೆ ಐದೇ ಕಾಲು. ಇದು ನಕಲು, ಎಂದು ಪರೀಕ್ಷಕರು ಬರೆದಿದ್ದಾರೆ. ನಮ್ಮ ಹೆಡ್‌ಮಾಸ್ಟರ್ ಗುರುಸಿದ್ದಯ್ಯನವರು ಆ ಟಿಪ್ಪಣಿಯನ್ನು ನನಗೆ ತೋರಿಸಿದರು.

ಐದು ಕಾಲು ನನ್ನ ತಪ್ಪು. ಬರೆಯುವಾಗ ಗಮನಿಸಲಿಲ್ಲ.

ಪರೀಕ್ಷಕರ ಮೇಲೆ ನನಗೆ ಸಿಟ್ಟಿಲ್ಲ. ಕಣ್ಣಿಗೆ ಕಂಡದ್ದನ್ನು ಬರೆದಿದ್ದಾರೆ. ಇನ್ಸ್‌ಪೆಕ್ಟರು ಬಂದು ನನ್ನ ಹಾಳೆಗಳನ್ನೂ ಮಕ್ಕಳ ನೋಟ್‌ಬುಕ್ಕುಗಳನ್ನೂ ಕಟ್ಟಿಸಿ ತೆಗೆದುಕೊಂಡು ಹೋದರು. ಇವೆಲ್ಲ ಪರೀಕ್ಷೆಗೆ ಮೊದಲೇ ಬರೆದವು ಎಂದೆ. ತಪ್ಪು ಮುಚ್ಚಲು ಆಮೇಲೆ ಬರೆಸಿದ್ದಲ್ಲ ಎನ್ನಲು ಏನು ಗುರುತು ಎಂದು ಕೇಳಿದರು. ಒಂದರ ಮೇಲೂ ನಾನು ತಾರೀಖು ಹಾಕಿಲ್ಲ.

ತಾರೀಖು ಇರುವುದು ಒಂದೇ ಹಾಳೆಗೆ. ಜನವರಿಯಲ್ಲಿ ನಿಮಗೆ ಕಳಿಸಿದ್ದು. ಲಕೋಟೆಯ ಮೇಲೆ ಅಂಚೆಯ ಮುದ್ರೆ ಇದೆ. ಅದನ್ನು ಲಕೋಟೆಯ ಸಮೇತ ಕಳಿಸಿಕೊಟ್ಟರೆ ಈ ಚಿತ್ರ ಪರೀಕ್ಷೆಗೆ ಎರಡು ತಿಂಗಳು ಮೊದಲೇ ತರಗತಿಯಲ್ಲಿತ್ತು ಎಂದು ತೋರಿಸಬಹುದು. ಹೈಸ್ಕೂಲಿಗೆ ಸೇರಲು ಜೂನ್ ಕೊನೆಯವರೆಗೆ ಅವಕಾಶವಿದೆ.

ಮರಿಮಲ್ಲಪ್ಪನವರು ನಿನ್ನೆ ಶಾಲೆಗೆ ಬಂದಿದ್ದರು. ತಡೆಹಿಡಿಯುವುದು ಎಂದರೆ ಏನು ಎಂದು ನಾನು ಎಷ್ಟು ವಿವರಿಸಿದರೂ ಅವರ ತಲೆಗೆ ಹತ್ತಲಿಲ್ಲ. "ಪಾಸೂ ಅಲ್ಲ ಪೇಲೂ ಅಲ್ಲ ಅಂದ್ರೆ ಏನ್ ಸಾ ಅದು? ನಮ್ ಹೆಣ್ಣೇನ್ ತುಡುಗು ದನವಾ, ದೊಡ್ಡಿಗೆ ಕೂಡಾಕಕೆ?" ಎಂದರು.

ಕಾಯುತ್ತಿರುವ
ನೂರುಲ್ಲಾ

*

ಚಾಮರಾಜನಗರ
೨೯ ಮೇ ೧೯೫೫

ನೂರುಲ್ಲಾ ಅವರಿಗೆ,

ವಿಷಯ ತಿಳಿದು ಬೇಸರವಾಯಿತು. ಹಾಳೆಯನ್ನು ಹುಡುಕಿಸುತ್ತಿದ್ದೇನೆ. ಮನೆಗೆ ಸುಣ್ಣ ಬಳಿಸುತ್ತಿದ್ದೇವೆ, ಕಾಗದಪತ್ರಗಳೆಲ್ಲ ಪೆಟ್ಟಿಗೆಗಳಲ್ಲಿ ಸೇರಿಹೋಗಿವೆ. ಲಕೋಟೆಗಳನ್ನು ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಸಿಕ್ಕರೆ ಕಳಿಸುತ್ತೇನೆ.

ಕಚೇರಿಯವರು ಎಲ್ಲವನ್ನೂ ವಿಚಾರಿಸಿಯೇ ತೀರ್ಮಾನಿಸುತ್ತಾರೆ. ನೀವು ಆತುರಪಡಬೇಡಿ.

ಇತಿ,
ಗುರುಪಾದಸ್ವಾಮಿ

*

ಗುಂಡ್ಲುಪೇಟೆ
೫ ಜೂನ್ ೧೯೫೫

ಗುರುಪಾದಸ್ವಾಮಿಯವರಿಗೆ,

ಸುಣ್ಣ ಬಳಿಯುವುದು ಮುಗಿದಿರಬೇಕು. ಹಾಳೆ ಸಿಕ್ಕಿತೆ ಎಂದು ಕೇಳಲು ಬರೆದೆ.

ಪುಟ್ಟಬಸಮ್ಮ ಹರವೆಗೆ ಹೋದಳು. ಫಲಿತಾಂಶ ಬರುವ ತನಕ ಮಾತ್ರ ಎಂದು ಅವಳ ತಂದೆ ಹೇಳಿದರು. ಬಸ್ಸು ಹತ್ತುವ ಮುಂಚೆ ಶಾಲೆಗೆ ಬಂದು ಹೋದಳು. ಅಳಲಿಲ್ಲ. ತನ್ನ ನೋಟ್‌ಬುಕ್ಕು ಯಾವಾಗ ವಾಪಸು ಬರುತ್ತದೆ, ಅದರಲ್ಲಿ ಇನ್ನೂ ಎಂಟು ಹಾಳೆ ಖಾಲಿ ಇದ್ದವು ಎಂದಳು. ಉಳಿದ ಹತ್ತು ಹುಡುಗರಲ್ಲಿ ಇಬ್ಬರು ತಮ್ಮ ಅಪ್ಪಂದಿರ ಅಂಗಡಿಯಲ್ಲಿ ಕೂತಿದ್ದಾರೆ. ದಾರಿಯಲ್ಲಿ ಸಿಕ್ಕಿದರೆ ಬೇರೆ ಕಡೆ ನೋಡುತ್ತಾರೆ.

ಲಕೋಟೆ ಇಲ್ಲದಿದ್ದರೂ ಆಗಬಹುದು. ಜನವರಿಯಲ್ಲಿ ನೋಡಿದೆ ಎಂದು ನೀವೊಂದು ಸಾಲು ಬರೆದುಕೊಟ್ಟರೂ ಸಾಕು. ನಿಮ್ಮ ಮಾತಿಗೆ ಬೆಲೆಯಿದೆ.

ನೂರುಲ್ಲಾ

*

ಚಾಮರಾಜನಗರ
೧೨ ಜೂನ್ ೧೯೫೫

ನೂರುಲ್ಲಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ಆದ್ದರಿಂದ ಹಳೆಯ ಹಾಗೆ ನೀನು ಎಂದು ಬರೆಯಬಹುದು.

ಹಾಳೆ ಕಳೆದಿಲ್ಲ. ಮೇಜಿನ ಎಡಗಡೆಯ ಖಾನೆಯಲ್ಲಿದೆ, ಲಕೋಟೆಯ ಸಮೇತ. ಸುಣ್ಣ ಬಳಿಸಿದ್ದು ನಿಜ, ಆದರೆ ಆ ಕೋಣೆಗಲ್ಲ. ದಿನಕ್ಕೆ ಒಂದು ಸಲವಾದರೂ ಖಾನೆ ಎಳೆದು ನೋಡುತ್ತೇನೆ. ಆಮೇಲೆ ಮನೆಯಲ್ಲಿ ಕೂರಲು ಆಗುವುದಿಲ್ಲ, ಸ್ಟೇಷನ್ನಿನವರೆಗೆ ನಡೆಯುತ್ತೇನೆ. ಮೈಸೂರಿನ ರೈಲು ಇಲ್ಲಿಗೆ ಬಂದು ನಿಲ್ಲುತ್ತದೆ. ಮುಂದೆ ಕಂಬಿ ಇಲ್ಲ. ಇಂಜಿನನ್ನು ಬಿಚ್ಚಿ ಈ ತುದಿಯಿಂದ ಆ ತುದಿಗೆ ತರುತ್ತಾರೆ. ಅದನ್ನು ನೋಡಿ ವಾಪಸು ಬರುತ್ತೇನೆ. ಹೆಂಡತಿ ಮಹಾಲಕ್ಷ್ಮಮ್ಮ ಯಾರಾದರೂ ಬರುವವರಿದ್ದಾರೆಯೇ ಎಂದು ಕೇಳಿದಳು. ಇಲ್ಲ ಎಂದೆ.

ಏಪ್ರಿಲಿನಲ್ಲಿ ಉತ್ತರಪತ್ರಿಕೆಗಳ ಕಟ್ಟು ನನಗೆ ಬಂತು. ಬರೀ ನಂಬರುಗಳು, ಯಾವ ಊರೆಂದು ಇರುವುದಿಲ್ಲ. ಮೂರನೆಯ ದಿನ ಇರುವೆ ಕಂಡಿತು. ಒಂದು, ಆಮೇಲೆ ಮತ್ತೊಂದು. ಐದು ಕಾಲು. ಜನವರಿಯಲ್ಲೇ ನಾನು ಎಣಿಸಿದ್ದೆ. ನಿನಗೆ ಬರೆಯಲಿಲ್ಲ. ಬರೆದಿದ್ದರೆ ನೀನು ತಿದ್ದುತ್ತಿದ್ದೆ. ನೀನೂ ತಪ್ಪುತ್ತೀಯೆ ಎಂಬುದು ನನ್ನ ಹತ್ತಿರವೇ ಇರಲಿ ಅನಿಸಿತ್ತು.

ಕಂಡ ಕ್ಷಣವೇ ನನಗೆ ಎಲ್ಲ ಗೊತ್ತಾಯಿತು. ಯಾವ ಊರು, ಯಾರ ಮಕ್ಕಳು, ಯಾಕೆ ಒಂದೇ ಥರ. ನಿಮ್ಮ ಅಪ್ಪನ ಬಳ್ಳಿಯ ಕಥೆಯನ್ನು ನೀನೇ ಬರೆದು ಕಳಿಸಿದ್ದೆಯಲ್ಲ. ಕುರ್ಚಿಯಿಂದ ಎದ್ದೆ, ಕೂತೆ. ಗೊತ್ತಿದ್ದು ಬಿಟ್ಟರೆ ಪಕ್ಷಪಾತ. ಗೊತ್ತಿಲ್ಲದವನಾದರೆ ನಿಯಮ ತಾನೇ ಮುಂದಿನದನ್ನು ಮಾಡುತ್ತದೆ. ನಾನು ಗೊತ್ತಿಲ್ಲದವನಾದೆ. ಕೆಂಪು ಶಾಯಿಯಲ್ಲಿ ನಾಲ್ಕು ಸಾಲು ಬರೆದೆ. ಅಕ್ಷರ ಚೆನ್ನಾಗಿ ಬಂದಿತ್ತು.

ಇದು ಪೂರ್ತಿ ನಿಜವಲ್ಲ. ನಿನ್ನ ಹಾಳೆ ಬಂದ ದಿನ ನಾನು ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ಆ ಸೂತ್ರವನ್ನು ಬರೆಸುತ್ತಿದ್ದೇನೆ. ಯಾಕೆ ಹಾಗೆ ಎಂದು ಯಾರೂ ಕೇಳಿಲ್ಲ, ಕೇಳದ ಹಾಗೆ ಪಾಠ ಮಾಡುವುದನ್ನು ನಾನು ಕಲಿತಿದ್ದೇನೆ. ಮಾರನೆಯ ದಿನ ಬೋರ್ಡಿನ ಮೇಲೆ ನಿನ್ನ ಚಿತ್ರವನ್ನು ಬರೆದು ನೋಡಿದೆ. ಹಿಂದಿನ ಬೆಂಚಿನವನೊಬ್ಬ ತನ್ನಷ್ಟಕ್ಕೆ ಓಹೋ ಎಂದ. ನನ್ನ ತರಗತಿಯಲ್ಲಿ ಆ ಸದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಬೋರ್ಡು ಒರೆಸಿದೆ. ಆಮೇಲೆ ನಿನಗೆ ಇರುವೆ ಅನವಶ್ಯಕ ಎಂದು ಬರೆದೆ.

ಟಿಪ್ಪಣಿಯನ್ನು ತೋರಿಸಿದರು ಎಂದು ಬರೆದಿದ್ದೀಯೆ. ನನ್ನ ಅಕ್ಷರ ನಿನಗೆ ಗೊತ್ತು. ಟೈಪ್ ಮಾಡಿದ ಪ್ರತಿ ಇದ್ದೀತು ಎಂದು ನನಗೆ ನಾನೇ ಹೇಳಿಕೊಂಡೆ.

ಹಾಳೆಯನ್ನು ನಿನಗೆ ಕಳಿಸಿದರೆ ನೀನು ಕಚೇರಿಗೆ ಕೊಡುತ್ತೀಯೆ. ಲಕೋಟೆಯ ಮೇಲೆ ನನ್ನ ಹೆಸರಿದೆ. ಜನವರಿಯಲ್ಲಿ ನೋಡಿದವನು ಏಪ್ರಿಲಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ನಿನಗೂ ಗೊತ್ತಾಗುತ್ತದೆ. ಕಚೇರಿಯವರಿಗೆ ಗೊತ್ತಾಗುವುದರ ಬಗ್ಗೆ ನನಗೆ ಅಷ್ಟು ಅಂಜಿಕೆಯಿಲ್ಲ.

ಅವಳ ನೋಟ್‌ಬುಕ್ಕಿನಲ್ಲಿ ಎಂಟು ಹಾಳೆ ಖಾಲಿ ಇದ್ದವು ಎಂದು ಬರೆದೆಯಲ್ಲ. ಅದನ್ನು ಯಾಕೆ ಬರೆದೆ?

ಗು.

*

ಚಾಮರಾಜನಗರ
೨೦ ಜೂನ್ ೧೯೫೫

ಪರೀಕ್ಷಾ ಕಚೇರಿಯ ಕಾರ್ಯದರ್ಶಿಗಳಿಗೆ,

ಈ ಸಾಲಿನ ಮಿಡ್ಲ್ ಸ್ಕೂಲು ಪರೀಕ್ಷೆಯಲ್ಲಿ ಗುಂಡ್ಲುಪೇಟೆಯ ಹನ್ನೊಂದು ವಿದ್ಯಾರ್ಥಿಗಳ ಗಣಿತದ ಉತ್ತರಪತ್ರಿಕೆಗಳನ್ನು ನಕಲು ಎಂದು ಗುರುತಿಸಿದವನು ನಾನು. ಆ ಚಿತ್ರವಿರುವ ಪಾಠದ ಹಾಳೆಯನ್ನು ಅವರ ಉಪಾಧ್ಯಾಯರು ಜನವರಿ ತಿಂಗಳಲ್ಲೇ ನನಗೆ ಕಳಿಸಿದ್ದರು. ಅಂಚೆಯ ಮುದ್ರೆಯಿರುವ ಲಕೋಟೆಯೊಡನೆ ಅದನ್ನು ಇಲ್ಲಿ ಲಗತ್ತಿಸಿದ್ದೇನೆ. ಪತ್ರಿಕೆಗಳನ್ನು ನೋಡುವಾಗ ಈ ಸಂಗತಿ ನನಗೆ ತಿಳಿದಿತ್ತು. ನನ್ನ ಟಿಪ್ಪಣಿಯಲ್ಲಿ ಅದನ್ನು ನಾನು ಹೇಳಲಿಲ್ಲ. ಆ ಮಕ್ಕಳು ನಕಲು ಮಾಡಿಲ್ಲ. ತಮಗೆ ಹೇಗೆ ಕಲಿಸಿದ್ದರೋ ಹಾಗೆ ಬರೆದಿದ್ದಾರೆ.

ಫಲಿತಾಂಶವನ್ನು ಹೈಸ್ಕೂಲು ಪ್ರವೇಶ ಮುಗಿಯುವುದರೊಳಗೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಎಂ. ಗುರುಪಾದಸ್ವಾಮಿ
ಪರೀಕ್ಷಕ

*

ಚಾಮರಾಜನಗರ
೨೪ ಜುಲೈ ೧೯೫೫

ನೂರುಲ್ಲಾ,

ಎರಡು ಕಾಗದ ಹಾಕಿದೆ, ಉತ್ತರ ಬರಲಿಲ್ಲ. ಇದು ಮೂರನೆಯದು. ಗುರುಸಿದ್ದಯ್ಯನವರ ವಿಳಾಸಕ್ಕೆ ಹಾಕುತ್ತಿದ್ದೇನೆ. ನೀನು ರಜೆಯ ಮೇಲೆ ಹೋಗಿದ್ದೀಯೆ, ಎಲ್ಲಿಗೆ ಎಂದು ಅವರಿಗೂ ಹೇಳಿಲ್ಲವಂತೆ. ಬಂದ ಮೇಲೆ ಕೊಡುತ್ತಾರೆ.

ನನ್ನ ಕಾಗದ ನೋಡಿದ ಮೇಲೆ ಕಚೇರಿಯವರು ಫಲಿತಾಂಶವನ್ನು ಹಾಗೆಯೇ ಬಿಡಲಿಲ್ಲ. ಹನ್ನೊಂದು ಮಕ್ಕಳನ್ನೂ ಮತ್ತೊಮ್ಮೆ ಕೂರಿಸಿ, ಅರ್ಥವಾಗಿದೆಯೋ ಬರೀ ಕೈ ಕಲಿತಿದೆಯೋ ನೋಡಿ ಎಂದರು. ನೋಡಬೇಕಾದವನು ಅದೇ ಪರೀಕ್ಷಕ ಎಂದೂ ಬರೆದರು. ಶಿಕ್ಷೆ ಎಂದೇ ಹಾಗೆ ಮಾಡಿದರೋ ಏನೋ. ಹೈಸ್ಕೂಲಿನವರು ಜುಲೈ ಕೊನೆಯ ತನಕ ಜಾಗ ಹಿಡಿದಿಡಲು ಒಪ್ಪಿದ್ದರು.

ಹನ್ನೊಂದನೇ ತಾರೀಖು ಬಂದೆ. ನಿನ್ನ ತರಗತಿಯ ಗೋಡೆಯಲ್ಲಿ ಹಾಳೆ ಹಚ್ಚಿದ್ದ ಕಡೆ ಸುಣ್ಣ ಬೆಳ್ಳಗಿತ್ತು, ಉಳಿದದ್ದು ಮಾಸಿತ್ತು. ಮಕ್ಕಳು ನನ್ನನ್ನು ನೋಡಿ ಎದ್ದು ನಿಂತರು. ಕೂರಿ ಎಂದರೂ ಸ್ವಲ್ಪ ಹೊತ್ತು ಕೂರಲಿಲ್ಲ. ಪುಟ್ಟಬಸಮ್ಮ ಆ ದಿನ ಬೆಳಿಗ್ಗೆಯೇ ತಂದೆಯ ಜೊತೆ ಹರವೆಯಿಂದ ಬಂದಿದ್ದಳು. ಹಿಪ್ಪುನೇರಳೆಯ ಸೊಪ್ಪು ಕತ್ತರಿಸಿ ಬೆರಳುಗಳು ಕಪ್ಪಾಗಿದ್ದವು. ಮರಿಮಲ್ಲಪ್ಪನವರು ಹೊರಗೆ ಜಗಲಿಯ ಮೇಲೆ ಕೂತು, ಕಿಟಕಿಯಿಂದ ನನ್ನನ್ನು ಗಿರಾಕಿಯನ್ನು ಅಳೆಯುವ ಹಾಗೆ ನೋಡುತ್ತಿದ್ದರು.

ನೀನು ಎಂದೂ ಕಲಿಸಿರದ ಪ್ರಶ್ನೆ ಕೊಡಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದೆ. ದುಂಡು ಬಾವಿ, ತ್ರಿಜ್ಯ ಏಳು ಗಜ. ಸುತ್ತ ಏಳು ಗಜ ಅಗಲದ ಕಟ್ಟೆ. ಕಟ್ಟೆಯ ವಿಸ್ತೀರ್ಣ ಎಷ್ಟು? ಸೂತ್ರ ಬೇಡ, ಕಾರಣ ಹೇಳಿ ಎಂದೆ.

ನಾಲ್ಕು ಹುಡುಗರು ಹಳೆಯ ಹಗ್ಗದ ಚಿತ್ರವನ್ನೇ ಚೊಕ್ಕಟವಾಗಿ ಬರೆದು ಕೈ ಕಟ್ಟಿಕೊಂಡು ಕೂತರು. ಏಳು ಸುತ್ತು, ಇರುವೆ. ಅದರ ಮುಂದೆ ಅವರಿಗೆ ದಾರಿಯಿರಲಿಲ್ಲ. ಇದನ್ನು ನಿನಗೆ ಬರೆಯಬೇಕು. ನಾನು ಕಿಟಕಿಯ ಹತ್ತಿರ ಹೇಳಿದ ಮಾತು ಪೂರ್ತಿ ಸುಳ್ಳಲ್ಲ. ನೆನಪಿಲ್ಲ ಎಂದು ಬರೆದಿದ್ದೆ. ನೆನಪಿತ್ತು. ಎರಡೂ ಮಾತನ್ನು ನಾನು ಹೇಳಿದ್ದೆ.

ಆರು ಜನ ದೊಡ್ಡ ವೃತ್ತದಲ್ಲಿ ಚಿಕ್ಕದನ್ನು ಕಳೆದರು. ಸರಿಯಾದ ಉತ್ತರ, ಅಂತಹ ಹೊಸದೇನಲ್ಲ. ಹುಡುಗಿ ಮಾತ್ರ ಬಹಳ ಹೊತ್ತು ಸ್ಲೇಟಿನ ಕಡೆ ನೋಡುತ್ತಲೇ ಇದ್ದಳು. ನಾನು ಹತ್ತಿರ ಹೋಗಿ ನಿಂತೆ. ನನ್ನ ಕಡೆ ತಲೆ ಎತ್ತದೆ, "ಹಗ್ಗದ ನಡುಕ್ಲು ಸುತ್ತ್ನೆಲ್ಲ ತಗ್ದ್ಬುಟ್ರೆ ತ್ರಿಕೋಣದ್ ತುದಿ ಮುರ್ದೋಯ್ತದಲ್ವಾ ಸಾ?" ಎಂದಳು. "ತುದಿ ಮುರ್ದ್ ಮೇಲೆ ಉಳ್ಯದು ಮೇಲೊಂದ್ ಗೀಟು, ಕೆಳ್ಗೊಂದ್ ಗೀಟು. ಬಾವಿ ಬಾಯಿ ಸುತ್ತು ನಲವತ್ನಾಕು, ಕಟ್ಟೆ ಅಂಚು ಎಂಬತ್ತೆಂಟು. ಎರಡ್ರ ಮದ್ಯೆ ಅರವತ್ತಾರು. ಅಗಲ ಏಳು." ಸ್ಲೇಟಿನ ಮೂಲೆಯಲ್ಲಿ ಗುಣಿಸಿ ನಾನೂರ ಅರವತ್ತೆರಡು ಎಂದು ಬರೆದಳು. ನಾನು ಬಸ್ಸಿನಲ್ಲಿ ಕಳೆಯುವ ದಾರಿಯಲ್ಲಿ ಲೆಕ್ಕ ಮಾಡಿದ್ದೆ. ಉತ್ತರ ಅದೇ. ಅವಳ ದಾರಿ ನನಗೆ ಹೊಳೆದಿ­ರಲಿಲ್ಲ.

ಇರುವೆಗೆ ಯಾಕೆ ಐದು ಕಾಲು ಬರೆದಿರಿ ಎಂದು ಕೇಳಿದೆ. ಅದನ್ನು ಕೇಳುವ ಅಗತ್ಯವೇನೂ ಇರಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಬೆಂಚಿನವನು ನಕ್ಕ. ಅವಳೇ ಹೇಳಿದಳು. "ಆರು ಅಂತ ಎಲ್ರಿಗೂ ಗೊತ್ತು ಸಾ. ಮೇಷ್ಟ್ರು ಐದು ಬರ್ದಿದ್ರು. ನಾವು ಆರು ಬರುದ್ರೆ ಅವ್ರಿಗೆ ತಪ್ಪು ತೋರ್ಸ್ದಂಗಾಯ್ತದೆ ಅಂತ ಎಲ್ರೂ ಮಾತಾಡ್ಕಂಡು ಐದೇ ಬರ್ದೊ."

ಜನವರಿಯಲ್ಲಿ ನಾನು ಎಣಿಸಿದ್ದೆ ಎಂದು ನಿನಗೆ ಹಾಕದ ಕಾಗದವೊಂದರಲ್ಲಿ ಬರೆದಿದ್ದೇನೆ. ಹನ್ನೊಂದು ಮಕ್ಕಳೂ ಎಣಿಸಿದ್ದರು. ಅವರೂ ನಿನಗೆ ಹೇಳಲಿಲ್ಲ. ನಾನು ಹೇಳದಿದ್ದದ್ದೂ ಅವರು ಹೇಳದಿದ್ದದ್ದೂ ಒಂದೇ ಎಂದು ಯಾರಾದರೂ ಅಂದರೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಎಲ್ಲರೂ ಎದ್ದು ಹೋಗುವಾಗ ಅವಳು ಹಿಂದೆ ಉಳಿದಳು. "ನಮ್ ಪೇಪರ್ ನೋಡ್ದೋರು ನೀವೇ ಅಲ್ವಾ ಸಾ?" ಎಂದಳು.

ಹೌದು ಎಂದೆ. ಯಾರು ಹೇಳಿದರು ಎಂದು ಕೇಳಿದೆ.

"ನೂರುಲ್ಲಾ ಮೇಷ್ಟ್ರು. ನೋಡ್ದೋರು ನನ್ ಸ್ನೇಹಿತ್ರೇ ಕಣಮ್ಮಿ, ಗಾಬ್ರಿ ಬೀಳ್ಬೇಡ, ಅವ್ರೇ ಸರಿ ಮಾಡ್ತಾರೆ ಅಂದಿದ್ರು."

ಯಾವತ್ತು ಎಂದೆ.

"ರಿಸಲ್ಟ್ ನಿಂತ್ ದಿವ್ಸ್ವೇ."

ಆಮೇಲೆ ಗುರುಸಿದ್ದಯ್ಯನವರ ಕೋಣೆಗೆ ಹೋದೆ. ಕಾಫಿ ತರಿಸಿದ್ದರು. ಕಚೇರಿಯಿಂದ ಮೇ ತಿಂಗಳಲ್ಲಿ ಬಂದದ್ದು ಟೈಪ್ ಮಾಡಿದ ಪ್ರತಿಯಲ್ಲವಂತೆ, ಮೂಲವೇ. ನನ್ನ ಕೆಂಪು ಶಾಯಿಯ ನಾಲ್ಕು ಸಾಲು. ನೀನು ಅದನ್ನು ಕೈಯಲ್ಲಿ ಹಿಡಿದು ಓದಿ, ವಾಪಸು ಕೊಟ್ಟು, ಅಕ್ಷರ ಚೆನ್ನಾಗಿದೆ ಎಂದೆಯಂತೆ. ಯಾರದೆಂದು ಅವರಿಗೆ ಹೇಳಲಿಲ್ಲ. ನಾನು ಬರುವ ದಿನ ಗೊತ್ತಾದಾಗ ರಜೆಯ ಅರ್ಜಿ ಕೊಟ್ಟೆಯಂತೆ. ಕಾರಣ ಕೇಳಿದ್ದಕ್ಕೆ, ನಾನು ಎದುರಿಗಿದ್ದರೆ ಬಂದವರಿಗೆ ಮುಜುಗರ ಎಂದೆಯಂತೆ. ಅವರು ಇದನ್ನೆಲ್ಲ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಕಾಫಿ ಕುಡಿದೆನೋ ಇಲ್ಲವೋ ಗೊತ್ತಿಲ್ಲ.

ನಕಲು ನಡೆದಿಲ್ಲ ಎಂದು ಬರೆದುಕೊಟ್ಟೆ. ಫಲಿತಾಂಶ ಮೊನ್ನೆ ಬಂತು. ಹತ್ತು ಜನ ಪಾಸು. ಒಬ್ಬ ಹುಡುಗ ಫೇಲು, ಅದು ಇತಿಹಾಸದಲ್ಲಿ. ಪುಟ್ಟಬಸಮ್ಮ ಹೈಸ್ಕೂಲಿಗೆ ಸೇರಿದಳು. ಅವಳ ತಂದೆ, ಪಾಸಾದರೆ ಓದಿಸುತ್ತೇನೆ ಎಂದಿದ್ದೆ, ಮಾತು ಮಾತೇ ಎಂದರಂತೆ. ಹರವೆಯ ಮಗಳಿಗೆ ಹುಳ ನೋಡಿಕೊಳ್ಳಲು ಬೇರೆ ಯಾರನ್ನಾದರೂ ನೋಡಿಕೋ ಎಂದು ಹೇಳಿಕಳಿಸಿದ್ದಾರೆ. ಪರೀಕ್ಷಕರ ಪಟ್ಟಿಯಿಂದ ನನ್ನ ಹೆಸರು ತೆಗೆದಿದ್ದಾರೆ. ಅದು ಸರಿಯೇ. ನಿನ್ನ ಹಾಳೆಗಳ ಕಟ್ಟು ನೀನು ರಜೆಗೆ ಹೋಗುವ ಮೊದಲೇ ವಾಪಸು ಬಂದಿತ್ತಂತೆ. ನೀನು ಅದರ ದಾರ ಬಿಚ್ಚಲಿಲ್ಲ, ತರಗತಿಯಲ್ಲಿ ಪುಸ್ತಕದಲ್ಲಿರುವುದನ್ನೇ ಓದಿಸುತ್ತಿದ್ದೆ ಎಂದು ಗುರುಸಿದ್ದಯ್ಯನವರು ಹೇಳಿದರು. ಅದನ್ನು ಕೇಳಿದಾಗಿನಿಂದ ನನಗೆ ಎಲ್ಲಿಯೂ ಕೂರಲು ಆಗುತ್ತಿಲ್ಲ.

ಮೇ, ಜೂನ್ ತಿಂಗಳ ನಿನ್ನ ಎರಡು ಕಾಗದಗಳನ್ನೂ ಮುಂದಿಟ್ಟುಕೊಂಡು ಮತ್ತೆ ಮತ್ತೆ ಓದಿದೆ. ಗೊತ್ತಿದ್ದು ಬರೆದದ್ದು ಎಂದು ಯಾವ ಸಾಲಿನಲ್ಲೂ ಕಾಣುವುದಿಲ್ಲ. ಒಂದು ಸುಳ್ಳೂ ಇಲ್ಲ. ನನ್ನ ಹೆಸರನ್ನು ಕಚೇರಿಗೆ ಹೇಳಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಅವಳು ಹರವೆಯ ಬಸ್ಸು ಹತ್ತಬೇಕಾಗಿರಲಿಲ್ಲ. ನೀನು ಹೇಳಲಿಲ್ಲ. ನನ್ನನ್ನು ಉಳಿಸಲು ಆ ಮಗುವನ್ನು ಕಾಯಿಸಿದೆಯೋ, ನಾನೇ ಎದ್ದು ಬರುತ್ತೇನೆ ಎಂದು ನಿಜವಾಗಿಯೂ ನಂಬಿದ್ದೆಯೋ, ಅಥವಾ ಎಷ್ಟು ದಿನ ತೆಗೆದುಕೊಳ್ಳುತ್ತೇನೆ ನೋಡೋಣ ಎಂದಿದ್ದೆಯೋ? ಮೇ ಇಪ್ಪತ್ತೆರಡರಿಂದ ಜೂನ್ ಇಪ್ಪತ್ತರ ತನಕ, ಆ ನಾಲ್ಕು ವಾರ, ನೀನು ಕಾಯುತ್ತಿದ್ದದ್ದು ಯಾವುದಕ್ಕೆ, ನೂರುಲ್ಲಾ?

ಗುರುಪಾದ